‘ಉಣ್ಣೋ ಕೈ’ಯ ಕಡೆಗೆ ತಂಡ ಓಡಿಸಿದ ಕೋಚ್ ಯೋಗಾನಂದರು

ಅಮೆರಿಕದ ಪಶ್ಚಿಮ ಕರಾವಳಿಯ ಈ ಕೊಲ್ಲಿಯ ಸುತ್ತ ಅಮೆರಿಕನ್ ಫುಟ್‌ಬಾಲ್ ಕಲಿಸಿದವರು ಬಹಳ ಮಂದಿ ಇದ್ದಾರೆ. ಆದರೆ ನಿವೃತ್ತರಾಗುತ್ತಿರುವ ನಮ್ಮ ಕೋಚ್ ಯೋಗಾನಂದರು ಪಳಗಿಸಿದ ಹುಡುಗರೆಲ್ಲ ಒಟ್ಟಿಗೆ ಉಸಿರು ಬಿಟ್ಟರೆ ನಮ್ಮೂರು ಸ್ಯಾನ್ ಮಟಿಯೋದ ಮಂಜು ಸಮುದ್ರಕ್ಕೆ ವಾಪಸು ಹೋಗುತ್ತದೆ. ತಂಡದ ಬಸ್ಸು ಓಡಿಸಿದವನಾಗಿ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಇದು ಕಾಲಲ್ಲಿ ಒದೆಯುವ ಆಟವಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಅಡ್ಡ ಬಂದವರನ್ನು ಗುದ್ದಿ ಗೆರೆ ದಾಟುವ ಆಟ. ಕಾಲೇಜಿನಲ್ಲಿ ಯೋಗಾನಂದರು ಓಡಿದರೆ ಅವರ ನೆರಳು ಅರ್ಧ ಗಂಟೆ ತಡವಾಗಿ ಬರುತ್ತಿತ್ತು. ಮೊಣಕಾಲು ಮುರಿದ ಮೇಲೆ ಅದೇ ಕಾಲೇಜಿನಲ್ಲಿ ಕೋಚ್ ಆದರು. ಯಾವ ಹುಡುಗನಿಗೆ ಪೆಟ್ಟಾದರೂ ಆಸ್ಪತ್ರೆಗೆ ಮೊದಲು ಬರುತ್ತಿದ್ದುದು ಯೋಗಾನಂದರ ತಾಯಿ ಲಿಂಗಮ್ಮನವರ ರೊಟ್ಟಿಯ ಡಬ್ಬಿ, ಆಮೇಲೆ ಡಾಕ್ಟರು.

ಒಂದು ವರ್ಷ ಸೋಲಿನ ಮೇಲೆ ಸೋಲು. ಕೊನೆಯ ಪಂದ್ಯವೂ ಹೋದರೆ ತಂಡವನ್ನೇ ಮುಚ್ಚುತ್ತೇವೆ ಎಂದಿತು ಕಾಲೇಜು. ನಾವು ಇಂಗ್ಲಿಷಿನಲ್ಲಿ ಕೂಗುವ ಗುಟ್ಟಿನ ಸಂಕೇತಗಳನ್ನೆಲ್ಲ ಎದುರಾಳಿಗಳು ಕಲಿತುಬಿಟ್ಟಿದ್ದರು. ಆಗ ಯೋಗಾನಂದರು ಬಾಗಲಕೋಟೆಯ ತಾಯಿಯ ಮಾತನ್ನು ಮೈದಾನಕ್ಕೆ ತಂದರು. ಬಲಕ್ಕೆ ಓಡಬೇಕಾದರೆ ‘ಉಣ್ಣೋ ಕೈ’. ಎಡಕ್ಕೆ ಏನೆಂದರು ಎಂಬುದನ್ನು ಈ ಬೀಳ್ಕೊಡುಗೆ ಸಂಪುಟದ ಸಂಪಾದಕರು ಅಚ್ಚು ಹಾಕುವುದಿಲ್ಲ. ಅರ್ಥ ತಿಳಿಯದ ಹುಡುಗರು ಬಾಯಿಪಾಠ ಮಾಡಿದರು.

ಪಂದ್ಯದಲ್ಲಿ ಇನ್ನು ಒಂದೇ ಓಟ ಬಾಕಿ. ಗೆರೆ ದಾಟಿದರೆ ಗೆಲುವು. ‘ಉಣ್ಣೋ ಕೈ!’ ಎಂದು ಯೋಗಾನಂದರು ಗುಡುಗಿದರು. ನಮ್ಮವರೆಲ್ಲ ಬಲಕ್ಕೆ ನುಗ್ಗಿದರು. ಎದುರಾಳಿಗಳೂ ಅತ್ತಲೇ ಬಿದ್ದರು. ಚೆಂಡು ಹಿಡಿದಿದ್ದವನು ಆ ವಾರವಷ್ಟೇ ತಂಡ ಸೇರಿದ ಕಾರ್ತಿಕ್, ಮಂಗಳೂರಿನ ಭೋಜರ ಮಗ. ಅವನೊಬ್ಬ ಎಡಕ್ಕೆ ಓಡಿ, ಮೈಗೆ ಗಾಳಿಯೂ ತಾಗದಂತೆ ಗೆರೆ ದಾಟಿದ!

‘ಲೇ, ಆ ಕಡೆ ಯಾಕ ಓಡಿದ್ಯೋ?’ ಎಂದರು ಯೋಗಾನಂದರು.

‘ಕೋಚ್, ಐ ಆಮ್ ಲೆಫ್ಟಿ! ನಾನು ಊಟ ಮಾಡೋದು ಈ ಎಡಗೈಯಲ್ಲೇ,’ ಎಂದ ಕಾರ್ತಿಕ್. ತಂಡದಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವನು ಅವನೊಬ್ಬನೇ.

ಗ್ಯಾಲರಿಯಿಂದ ಲಿಂಗಮ್ಮನವರು ಕೂಗಿದರು: ‘ಇವತ್ತ ಎರಡೂ ಕೈಲೆ ಉಣ್ಣು ನನ್ನಪ್ಪಾ, ಹೋಳಿಗಿ ಮಾಡ್ತೀನಿ!’

‘ಎಂಥ ಯುಕ್ತಿ!’ ಎಂದು ಕಾಲೇಜಿನ ಅಧ್ಯಕ್ಷರು ಯೋಗಾನಂದರ ಕೈ ಹಿಡಿದರೆ, ಇವರು ಆ ಕೈಯನ್ನು ಹಾಗೆಯೇ ಕಾರ್ತಿಕನ ಕೈಗೆ ದಾಟಿಸಿದರು. ‘ತಪ್ಪು ನಂದು, ಗೆಲುವು ಇವನದು’ ಎಂದರು. ಅಂಥ ದೊಡ್ಡ ಮನಸ್ಸು ನಮ್ಮ ಬಸ್ಸಿನಲ್ಲಿ ಹೇಗೆ ಹಿಡಿಸುತ್ತಿತ್ತೋ!

ತಂಡ ಉಳಿಯಿತು. ಕೋಚ್ ನಿವೃತ್ತರಾದ ಮೇಲಿನ ಅದರ ಮೊದಲ ಪಂದ್ಯ ಬರುವ ತಿಂಗಳು. ಯೋಗಾನಂದರು ಟಿಕೆಟ್ ಕೊಂಡು, ಎಲ್ಲರಂತೆ ಸುಮ್ಮನೆ ಕೂತು ನೋಡುತ್ತಾರಂತೆ. ಅವರು ನೂರು ವರ್ಷ ಗಟ್ಟಿಯಾಗಿ ಬಾಳಲಿ. ಸುಮ್ಮನೆ ಮಾತ್ರ ಕೂರದಿರಲಿ.