ಹನ್ನೊಂದನೆಯ ಹಿಡಿ

ವಿದ್ಯಾಶ್ರೀ ಈಗ ಬೀಜ ವಿಜ್ಞಾನಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ನಾಲ್ಕೂ ತಾಲೂಕಿನ ಹೊಲಗಳಿಗೆ ಅವಳ ಸ್ಕೂಟಿ ಗೊತ್ತು. ಹೆಣ್ಣುಮಕ್ಕಳಿಗೆ ಓದು ಅನ್ನುವಾಗ ನಮ್ಮೂರ ತಾಯಂದಿರು ಅವಳ ಹೆಸರು ಹೇಳುತ್ತಾರೆ. ನನಗೆ ಮಾತ್ರ ಅವಳು ಇವತ್ತಿಗೂ ನಮ್ಮ ಕಣದಲ್ಲಿ ಮೂಗು ಒರೆಸಿಕೊಳ್ಳುತ್ತ ಭತ್ತದ ಕಾಳು ಆರಿಸುತ್ತಿದ್ದ ಹುಡುಗಿ. ಅವಳವ್ವ ಭರಮವ್ವ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದಳು, ಮಗಳು ಹಿಂದೆಯೇ. "ಅಕ್ಕಾರ, ಈ ಕಾಳಿಗೆ ಮೀಸಿ ಐತಿ, ಇದಕ್ಯಾಕ ಇಲ್ಲ?" ಎಂದು ನನ್ನ ತಲೆ ತಿನ್ನುತ್ತಿದ್ದಳು. ಒಂದು ದಿನ ಸಿಟ್ಟು ಬಂದು, "ನೀನ ಓದಿ ಹೇಳವಾ" ಅಂದುಬಿಟ್ಟೆ. ಧಾರವಾಡಕ್ಕೆ ಹೋಗಿ ಓದಿಯೇ ಬಂದಳು. ನನ್ನ ಮಾತನ್ನು ಇಷ್ಟು ಗಂಭೀರವಾಗಿ ಮತ್ತ್ಯಾರೂ ತಗೊಂಡಿಲ್ಲ, ನನ್ನ ಗಂಡನಂತೂ ಇಲ್ಲವೇ ಇಲ್ಲ.

ಹೋದ ವರ್ಷ ಅವಳು ನಮ್ಮೂರಿನ ಹನ್ನೊಂದು ಹೆಂಗಸರನ್ನು ಸೇರಿಸಿ ಬೀಜದ ಸಂಘ ಕಟ್ಟಿಸಿದಳು. ನಾನೂ ಭರಮವ್ವನೂ ಅದರಲ್ಲಿದ್ದೆವು. ಎರಡು ಎಕರೆ ಹೊಲ ನಾನು ಕೊಟ್ಟೆ, ಬೀಜ ಅವಳು ತಂದಳು. "ಒಂದ ತಳಿ ಇರಬೇಕ್ರಿ, ಬೆರಕಿ ಇರಬಾರದು. ಸರ್ಕಾರಿ ತಪಾಸಣೆಯೊಳಗ ಪಾಸಾತಂದ್ರ ಇದು ಬೀಜ. ಇಲ್ಲಂದ್ರ ಅಕ್ಕಿಆಲೂರ ಗಿರಣಿಗೆ ಹೋಗೋ ಭತ್ತ ಅಷ್ಟ" ಎಂದಿದ್ದಳು. ನನ್ನ ಗಂಡ ಪರಮೇಶಪ್ಪ, "ಫೇಲಾದ್ರ ಮುಂದಿನ ವರ್ಷ ಹೊಲ ಕೇಳಬ್ಯಾಡ್ರಿ" ಅಂತ ನಗುತ್ತಲೇ ಹೇಳಿದರು. ನಗುತ್ತ ಹೇಳಿದ ಮಾತನ್ನು ಅವರು ಮರೆಯುವುದಿಲ್ಲ ಅಂತ ನನಗೆ ಗೊತ್ತಿತ್ತು.

ಬಿತ್ತುವ ದಿನ ವಿದ್ಯಾ ಹಂಸಭಾವಿ ಕಡೆ ಹೋಗಿದ್ದಳು. ನಮ್ಮಲ್ಲಿ ಬೀಜ ಬಿತ್ತುವ ಕೂರಿಗೆಯ ಪೂಜೆ ಮಾಡಿ, ಮನೆಯ ಹಳೇ ಬೀಜ ಒಂದು ಹಿಡಿ ಬುಟ್ಟಿಗೆ ಬೆರೆಸದೆ ಬಿತ್ತನೆ ಶುರುಮಾಡುವುದಿಲ್ಲ. ಆದರೆ ಬೆಳೆ ಹನ್ನೊಂದು ಜನರದು, ಯಾರ ಮನೆಯ ಬೀಜ ಹಾಕುವುದು? ಯಾರಿಗೂ ಬೇಸರ ಆಗಬಾರದು ಅಂತ ಎಲ್ಲರೂ ಒಂದೊಂದು ಹಿಡಿ ಹಾಕಿದೆವು. ಒಂದೊಂದು ಹಿಡಿಗೆ ಏನಾದೀತು ಅಂತ ಆ ಬುದ್ಧಿ ಕೊಟ್ಟವಳು ನಾನೇ.

ತೆನೆ ಇಣುಕುವ ಹೊತ್ತಿಗೆ ವಿದ್ಯಾ ಬಂದು ಬದುವಿನ ಮೇಲೆ ನಿಂತಳು. ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ಬುಡ ನೀಲಿ.

"ಏನ್ ಕಲಸೀರಿ ಅಕ್ಕಾರ?"

ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತಪಾಸಣೆಗೆ ಮೂರೇ ದಿನ ಉಳಿದಿತ್ತು. ಇಡೀ ಹೊಲದಲ್ಲಿ ಯಾವುದು ಬೆರಕೆ ಅಂತ ಒಬ್ಬಳೇ ಹುಡುಕಿ ಮುಗಿಸುವ ಕೆಲಸವಲ್ಲ. ನಮ್ಮ ಕಡೆ ತಿರುಗಿ ಕೇಳಿದಳು: "ನಿಮ್ಮ ನಿಮ್ಮ ಮನಿ ಭತ್ತ ನಿಮಗ ಗುರ್ತು ಸಿಗ್ತೈತಿಲ್ರಿ?"

ಸಿಗದೆ ಏನು! ಹುಟ್ಟಿದಾಗಿನಿಂದ ನೋಡಿದ್ದು. ಸಾಲಾಗಿ ನಿಂತು ಒಬ್ಬೊಬ್ಬರೂ ನಮ್ಮ ನಮ್ಮ ಮನೆಯದನ್ನು ಹುಡುಕಿ ಕೀಳುತ್ತ ಹೋದೆವು. ಸರೋಜವ್ವನಂತೂ ಎಲೆ ಸವರಿಯೇ ತನ್ನದನ್ನು ಹಿಡಿದಳು. ವಿದ್ಯಾ ಒಂದೊಂದು ಗಿಡ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಮೂರನೇ ದಿನ ಮಧ್ಯಾಹ್ನಕ್ಕೆ ಹತ್ತು ಮನೆಯ ಭತ್ತ ಬದುವಿನ ಮೇಲಿತ್ತು.

"ಹನ್ನೊಂದನೇದು ಎಲ್ಲಿ? ಅವ್ವಾ, ನಿಂದು?"

ಭರಮವ್ವ ಸೆರಗು ಸರಿಮಾಡಿಕೊಂಡು, "ಇರ್ಲಿ ಬಿಡ, ಸಿಕ್ಕಿದ್ದು ಸಾಕು" ಅಂದಳು.

"ಹಂಗ ಬಿಡಾಕ ಬರಂಗಿಲ್ಲ. ಅದು ಸಿಗದಿದ್ರ ನಾನ ಆಫೀಸಿಗೆ ಫೋನ್ ಮಾಡಿ, ಈ ಹೊಲ ತಪಾಸಣೆಗೆ ಬ್ಯಾಡ ಅಂತ ಹೇಳ್ತೇನಿ."

ನನಗೆ ಮೈಯೆಲ್ಲ ಉರಿಯಿತು. ಹತ್ತು ತಳಿ ಕಿತ್ತವರಿಗೆ ಒಂದರ ಮೇಲೆ ಇಷ್ಟು ಹಟವೇ? ಅವಳು ಫೋನು ತೆಗೆದೇಬಿಟ್ಟಳು. ಆಗ ಭರಮವ್ವ ಮಗಳ ಕೈ ಹಿಡಿದಳು.

"ಹುಡುಕಬ್ಯಾಡ. ಅದು ಹೊಲದಾಗ ಇಲ್ಲ. ನಾ ಬರೀ ಮುಷ್ಟಿ ಕಟ್ಟಿ ಬುಟ್ಟ್ಯಾಗ ಬಿಟ್ಟೆ. ಹೊಲ ಇಲ್ಲದವರ ಮನ್ಯಾಗ ಬಿತ್ತೋ ಬೀಜ ಎಲ್ಲಿಂದ ಬರಬೇಕವಾ? ಎಲ್ಲಾರೂ ಹಾಕಾಕತ್ತಿದ್ರು, ನನಗ ನಾಚಿಕಿ ಆತು."

ಮೂವತ್ತು ವರ್ಷ ನಮ್ಮ ಬೀಜವನ್ನು ಅವಳ ಕೈಯಿಂದಲೇ ಬಿತ್ತಿಸಿದವಳು ನಾನು. ಅವಳ ಮನೆಯಲ್ಲಿ ಬೀಜ ಇದೆಯೇ ಅಂತ ಒಂದು ಸಲವೂ ಕೇಳಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ ಬಂತು. ವಿದ್ಯಾ ಫೋನು ಒಳಗಿಟ್ಟು, ಅವ್ವನ ಬೆರಳಿನ ಮಣ್ಣು ತನ್ನ ಓಢಣಿಯಿಂದ ಒರೆಸಿದಳು. ಅವಳ ಕಣ್ಣು ತುಂಬಿದ್ದನ್ನು ನೋಡಿಯೂ ನೋಡದವರಂತೆ ನಾವು ಬುತ್ತಿ ಬಿಚ್ಚಿದೆವು.

ಹೊಲ ಪಾಸಾಯಿತು. ಸುಗ್ಗಿಯಲ್ಲಿ ಪ್ರತಿ ಮನೆಗೂ ಅದೇ ಬೀಜ ಒಂದೊಂದು ಚೀಲ ಹಂಚಿದೆವು.

ಈ ಮುಂಗಾರಿನಲ್ಲಿ ಕೂರಿಗೆ ಪೂಜೆಗೆ ವಿದ್ಯಾ ರಜೆ ಹಾಕಿ ಬಂದು ಕಾವಲು ನಿಂತಿದ್ದಳು. ಮೊದಲ ಹಿಡಿ ಭರಮವ್ವನದೇ ಅಂತ ನಾನು ಅಂದೆ, ಯಾರೂ ಎದುರಾಡಲಿಲ್ಲ. ಅವಳು ತನ್ನ ಪಾಲಿನ ಚೀಲದಿಂದ ಉಡಿಯಲ್ಲಿ ಕಟ್ಟಿಕೊಂಡು ತಂದ ಬೀಜದಲ್ಲಿ ಕೈ ಹಾಕಿ ತೆಗೆದಳು. ಮುಷ್ಟಿ ತುಂಬಿ ಬೆರಳ ಸಂದಿಯಿಂದ ಕಾಳು ಉದುರುತ್ತಿದ್ದವು. ಬುಟ್ಟಿಯ ಮೇಲೆ ಕೈ ಹಿಡಿದು ಮಗಳ ಕಡೆ ತಿರುಗಿದಳು.

"ಬೆರಕಿ ಇಲ್ಲ, ನೋಡ್ಕೋ. ನಮ್ಮ ಮನೀದು."