ವಸು ಹೇಳದೇ ಬಿಟ್ಟ ಅರ್ಧ ವಾಕ್ಯ

ಸತ್ತವರ ದನಿ ಕೇಳಿಸಿತು, ಯಾರಿಗೋ ಮುಂಚೆಯೇ ಸೂಚನೆ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಇಳಿಯುತ್ತಿರಲಿಲ್ಲ. ಸುಮ್ಮನೆ ಕೇಳಿಸಿಕೊಂಡು, ಅವರ ಮಾತಿನಲ್ಲಿ ಕೊಂಡಿ ಎಲ್ಲಿ ಕಳಚಿದೆ ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದೆ. ಸಿಕ್ಕೇ ಸಿಗುತ್ತಿತ್ತು. ಅದು ನನ್ನ ಕಸುಬು ಕೂಡ. ಚನ್ನರಾಯಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಪಾಠ ಮಾಡುತ್ತೇನೆ. ಆದ್ದರಿಂದ ಇದನ್ನು ಓದುವ ನೀವೂ ನನ್ನ ಮಾತಿನಲ್ಲಿ ಹಾಗೆಯೇ ಹುಡುಕಿದರೆ ನನಗೆ ಬೇಸರವಿಲ್ಲ. ಹುಡುಕಿ. ಏನಾದರೂ ಸಿಕ್ಕರೆ ನನಗೂ ಸ್ವಲ್ಪ ನೆಮ್ಮದಿಯಾದೀತು. ಇಂಥ ಅನುಭವಗಳು ರಾತ್ರಿ ಹೊತ್ತು ಆಗುತ್ತವೆ ಎನ್ನುತ್ತಾರೆ. ನನಗಾದದ್ದು ಒಂದು ಭಾನುವಾರದ ಮಧ್ಯಾಹ್ನ, ಅಂಗಳದಲ್ಲಿ ಬಿಸಿಲು ಬಿದ್ದಿದ್ದಾಗ, ಊಟದ ಹೊತ್ತಿಗೆ.

ನನಗೆ ತರ್ಕ ಕಲಿಸಿದವರು ಆಮೇಲೆ ನನಗೆ ಮಾವನಾದರು. ಹಾಸನದಲ್ಲಿ ನಾನು ಓದುವಾಗ ಅವರು ನಮ್ಮ ಮೇಷ್ಟ್ರು. ಈಗಲೂ ನನ್ನ ಬಾಯಲ್ಲಿ ಮಾವ ಎಂದು ಬರುವುದಿಲ್ಲ, ಮೇಷ್ಟ್ರು ಎಂದೇ ಬರುತ್ತದೆ. ಅವರ ಒಬ್ಬಳೇ ಮಗಳು ವಸು ಅದೇ ತರಗತಿಯಲ್ಲಿ ನನ್ನ ಸಹಪಾಠಿ. ಒಂದು ದಿನ ಮೇಷ್ಟ್ರು ‘ಮಳೆ ಬಂತು ಮತ್ತು ನಾವು ಹೋದೆವು’, ‘ಮಳೆ ಬಂತು, ಆದರೆ ನಾವು ಹೋದೆವು’ ಎಂದು ಎರಡು ವಾಕ್ಯ ಬೋರ್ಡಿನ ಮೇಲೆ ಬರೆದು, ಎರಡನ್ನೂ ಚಿಹ್ನೆಗೆ ಇಳಿಸಿ ನಡುವೆ ಒಂದೇ ಥರದ ಚುಕ್ಕೆ ಇಟ್ಟರು. ತರ್ಕಕ್ಕೆ ‘ಮತ್ತು’ ಬೇರೆಯಲ್ಲ, ‘ಆದರೆ’ ಬೇರೆಯಲ್ಲ. ಎರಡು ಕಡೆಯ ಸಂಗತಿಯೂ ನಿಜವಾಗಿದ್ದರೆ ಆಯಿತು. ವಸು ಎದ್ದು ನಿಂತಳು.

“ಎರಡನೇದ್ರಲ್ಲಿ ಹೋಗೋಕೆ ಕಷ್ಟ ಆಯ್ತು ಅಂತ ಇದೆಯಲ್ಲಪ್ಪಾ, ಆ ಕಷ್ಟ ಎಲ್ಲೋಯ್ತು?”

ತರಗತಿಯಲ್ಲಿ ಅಪ್ಪಾ ಎಂದು ಬಿಟ್ಟಿದ್ದಕ್ಕೆ ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. “ಕಷ್ಟಕ್ಕೆ ನಮ್ಮಲ್ಲಿ ಚಿಹ್ನೆ ಇಲ್ಲ ಕಣಮ್ಮ, ಕೂತ್ಕೋ,” ಎಂದರು.

ಮದುವೆಯಾದ ಮೇಲೆ ನಾವು ಚನ್ನರಾಯಪಟ್ಟಣದಲ್ಲಿ ಮನೆ ಮಾಡಿದೆವು. ವಸುವಿಗೆ ಹಿರೀಸಾವೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸ. ನಮಗೆ ಮಕ್ಕಳಾಗಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಮೇಷ್ಟ್ರಿಗೆ ಮರೆವು ಶುರುವಾಯಿತು. ಹಾಲು ಒಲೆಯ ಮೇಲೆ ಇಟ್ಟದ್ದು ಮರೆತರು, ಆಮೇಲೆ ಮನೆಯ ದಾರಿ ಮರೆತರು. ವಸು ಅವರನ್ನು ನಮ್ಮಲ್ಲಿಗೆ ಕರೆತಂದಳು. ನಾವಿಬ್ಬರೂ ಕೆಲಸಕ್ಕೆ ಹೋದಾಗ ಪಕ್ಕದ ಬೀದಿಯ ಗೌರಮ್ಮ ಬಂದು ಅವರ ಜೊತೆ ಇರುತ್ತಿದ್ದರು.

ಮರೆವು ಎಲ್ಲವನ್ನೂ ತೊಳೆದುಕೊಂಡು ಹೋದರೂ ತರ್ಕದ ಚೌಕಟ್ಟು ಮಾತ್ರ ಹಾಗೇ ನಿಂತಿತ್ತು. ಊಟ ಮಾಡಿದೆನೋ ಇಲ್ಲವೋ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಟೀವಿಯಲ್ಲಿ ಯಾರೋ ಮಾತಾಡುತ್ತಿದ್ದರೆ, “ಈ ಮಾತಿಂದ ಆ ಮಾತು ಹುಟ್ಟಲ್ಲ ಕಣಯ್ಯಾ,” ಎಂದು ಸರಿಯಾಗಿ ತಪ್ಪು ಹಿಡಿಯುತ್ತಿದ್ದರು. ವಸು ಅವರನ್ನು ರೇಗಿಸುತ್ತಿದ್ದಳು. “ಹಸಿವಾದ್ರೆ ಡಬ್ಬೀಲಿ ಚಕ್ಲಿ ಐತೆ ಕಣಪ್ಪಾ,” ಎಂದು ಹೇಳಿ ಅಡುಗೆಮನೆಗೆ ಹೋಗುವಳು. ಅವರು ಯೋಚನೆ ಮಾಡಿ, “ಹಂಗಾದ್ರೆ ಡಬ್ಬೀಲಿ ಚಕ್ಲಿ ಇಲ್ದಿದ್ರೆ ನಂಗೆ ಹಸಿವೇ ಇಲ್ಲ ಅಂತಾಯ್ತಲ್ಲಮ್ಮ!” ಎನ್ನುವರು. ತರ್ಕದ ಪ್ರಕಾರ ಅದು ಸರಿ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಮಗಳ ಹೆಸರು ಅವರಿಗೆ ಕೊನೆಯವರೆಗೂ ಹೆಚ್ಚಿನ ದಿನಗಳಲ್ಲಿ ನೆನಪಿರುತ್ತಿತ್ತು.

ಹೋದ ವರ್ಷ ವಸುವಿಗೆ ಹೊಟ್ಟೆನೋವು ಬಂತು. ಮಾಮೂಲಿ ನೋವೆಂದು ಅವಳು ಶಾಲೆಗೆ ಹೋಗುತ್ತಲೇ ಇದ್ದಳು. ತಡೆಯಲಾರದಷ್ಟಾದಾಗ ಹಾಸನಕ್ಕೆ ಕರೆದುಕೊಂಡು ಹೋದೆ. ಕಾರು ಶಾಂತಿಗ್ರಾಮ ದಾಟುವಾಗ ನನ್ನ ತೋಳು ಹಿಡಿದುಕೊಂಡು, “ಅಪ್ಪಂಗೆ ಮಾತ್ರೆ ಕೊಡೋಕೆ ಗೌರಮ್ಮಂಗೆ ಹೇಳಿದ್ರಾ?” ಎಂದು ಕೇಳಿದಳು. ಅಪೆಂಡಿಕ್ಸ್ ಒಡೆದಿದೆ ಎಂದು ಅದೇ ದಿನ ಆಪರೇಷನ್ ಮಾಡಿದರು. ಡಾಕ್ಟರು ಹೊರಗೆ ಬಂದು, “ಆಪರೇಷನ್ ಚೆನ್ನಾಗೇ ಆಯ್ತು, ಆದರೆ…” ಎಂದರು. ಒಳ್ಳೆಯ ಮನುಷ್ಯ, ಹೇಳಲಾರದೆ ಒಂದು ಗಳಿಗೆ ತಡೆದರು. ಸೋಂಕು ರಕ್ತಕ್ಕೆ ಹೋಗಿದೆ ಎಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆ ‘ಆದರೆ’ಯಲ್ಲೇ ಎಲ್ಲವೂ ಇತ್ತು. ಇಷ್ಟು ವರ್ಷ ಮಕ್ಕಳ ಮುಂದೆ ನಾನು ಅದನ್ನು ಒಂದು ಚುಕ್ಕೆ ಎಂದು ಬರೆದಿದ್ದೇನೆ.

ವಸುವನ್ನು ಐಸಿಯುಗೆ ಸಾಗಿಸುವ ಮುಂಚೆ ಒಂದು ನಿಮಿಷ ನನ್ನನ್ನು ಹತ್ತಿರ ಬಿಟ್ಟರು. ಅವಳಿಗೆ ಎಚ್ಚರವಿತ್ತು. ನಾನು ಬಗ್ಗಿದೆ. “ಅಪ್ಪಂಗೆ ಹೇಳ್ಬೇಡಿ. ಆದ್ರೆ…” ಎಂದಳು. ಅಷ್ಟರಲ್ಲಿ ನರ್ಸು ಆಮ್ಲಜನಕದ ಮಾಸ್ಕು ಹಾಕಿದರು. ಮಾಸ್ಕಿನ ಒಳಗೆ ತುಟಿ ಅಲ್ಲಾಡಿತು, ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಮಾತಾಡುವ ಸ್ಥಿತಿ ಅವಳಿಗೆ ಬರಲೇ ಇಲ್ಲ.

ಅರಕಲಗೂಡಿನ ಹತ್ತಿರದ ನಮ್ಮ ಊರಿನ ಹೊಲದಲ್ಲಿ ಅವಳನ್ನು ಮಣ್ಣು ಮಾಡಿದೆವು. ಮೇಷ್ಟ್ರನ್ನು ಕರೆತರಬೇಕೋ ಬೇಡವೋ ಎಂದು ನೆಂಟರಲ್ಲಿ ಮಾತಾಯಿತು. ಹೆತ್ತ ಅಪ್ಪನಿಗೆ ಹೇಳದಿರುವುದು ತಪ್ಪು ಎಂದು ನನ್ನ ಅಕ್ಕ ಹಟ ಹಿಡಿದಳು. ಅದಕ್ಕೆ ಗೌರಮ್ಮ ಫೋನಿನಲ್ಲೇ ನನಗೆ ಹೇಳಿದರು: “ಒಂದ್ಸಲ ಏಳ್ಬುಟ್ರೆ ಮುಗೀತದಾ ಸಾ? ಅವ್ರಿಗೆ ಮರ್ತೋಯ್ತದೆ. ಬೆಳಗೆದ್ದು ಮತ್ತೆ ಕೇಳ್ತಾರೆ, ಆಗ ಮತ್ತೆ ಅದ್ನೇ ಏಳ್ತೀರಾ? ದಿನಾ ಸಾಯ್ಬೇಕಾ ಆ ತಾಯಿ?” ನಾನು ಮೇಷ್ಟ್ರನ್ನು ಕರೆಸಲಿಲ್ಲ.

ವಸು ಟ್ರೈನಿಂಗಿಗೆ ಮೈಸೂರಿಗೆ ಹೋಗಿದ್ದಾಳೆ ಎಂದು ಮೇಷ್ಟ್ರಿಗೆ ಹೇಳತೊಡಗಿದೆ. ದಿನಕ್ಕೆ ಹಲವು ಸಲ ಕೇಳುತ್ತಿದ್ದರು, ಹಲವು ಸಲ ಹೇಳುತ್ತಿದ್ದೆ. ಪ್ರತಿ ಸಲವೂ ಸಮಾಧಾನವಾಗುತ್ತಿತ್ತು ಅವರಿಗೆ. ಉಳಿದ ಹೊತ್ತೆಲ್ಲ ಆ ಅರ್ಧ ವಾಕ್ಯ ನನ್ನನ್ನು ತಿನ್ನುತ್ತಿತ್ತು. ಚುಕ್ಕೆಯ ಬಲಗಡೆ ಏನೂ ಇಲ್ಲದಿದ್ದರೆ ಅದು ಸೂತ್ರವೇ ಅಲ್ಲ, ಅದಕ್ಕೆ ನಿಜವೂ ಇಲ್ಲ ಸುಳ್ಳೂ ಇಲ್ಲ ಎಂದು ನಾನೇ ಪಾಠ ಮಾಡುತ್ತೇನೆ. ಆದರೆ ನನ್ನ ಬದುಕಿನಲ್ಲಿ ಆಗ ಉಳಿದಿದ್ದ ಒಂದೇ ಅರ್ಥವಿರುವ ಮಾತೆಂದರೆ ಅದೇ. ಅಪ್ಪನಿಗೆ ಹೇಳಬೇಡಿ, ಆದರೆ ಚೆನ್ನಾಗಿ ನೋಡಿಕೊಳ್ಳಿ ಎಂದಿರಬಹುದೇ? ಆದರೆ ನಾನು ಬರದಿದ್ದರೆ ಹೇಳಿ ಎಂದಿರಬಹುದೇ? ಈ ಮಾತನ್ನು ನಾನು ಅಕ್ಕನಿಗೂ ಹೇಳಿರಲಿಲ್ಲ, ಗೌರಮ್ಮನಿಗೂ ಹೇಳಿರಲಿಲ್ಲ. ಅದು ಅವಳು ನನಗೊಬ್ಬನಿಗೇ ಕೊಟ್ಟು ಹೋದದ್ದು ಅನ್ನಿಸುತ್ತಿತ್ತು.

ಆ ಭಾನುವಾರ ಗೌರಮ್ಮ ಬಂದಿರಲಿಲ್ಲ. ನಾನು ಅನ್ನ, ಸೊಪ್ಪಿನ ಸಾರು ಮಾಡಿ ಮೇಷ್ಟ್ರಿಗೆ ತಟ್ಟೆ ಹಿಡಿದುಕೊಂಡು ಹಜಾರಕ್ಕೆ ಬಂದೆ. ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಆಸ್ಪತ್ರೆಯವರು ಹಿಂದಿರುಗಿಸಿದ ವಸುವಿನ ಕನ್ನಡಕವನ್ನು ನಾನು ಆ ಕಿಟಕಿಯಲ್ಲಿ ಇಟ್ಟವನು ಅಲ್ಲಿಂದ ತೆಗೆದಿರಲಿಲ್ಲ.

“ವಸು ಎಲ್ಲಯ್ಯಾ?”

“ಮೈಸೂರಿಗೆ ಹೋಗಿದಾಳೆ ಸಾ, ಟ್ರೈನಿಂಗು.”

ಅವರು ಕನ್ನಡಕ ಎತ್ತಿಕೊಂಡರು. ತರಗತಿಯ ದನಿ ಬಂತು ಅವರಿಗೆ. “ಮೈಸೂರಿಗೆ ಹೋಗಿದ್ರೆ ಕನ್ನಡಕ ತಗೊಂಡು ಹೋಗಿರ್ತಿದ್ಲು. ಕನ್ನಡಕ ಇಲ್ಲೇ ಇದೆ. ಆದ್ದರಿಂದ ಮೈಸೂರಿಗೆ ಹೋಗಿಲ್ಲ. ಮೈಸೂರಲ್ಲಿರ್ಬೇಕು, ಇಲ್ಲಾ ಮನೇಲಿರ್ಬೇಕು. ಮೈಸೂರಲ್ಲಿಲ್ಲ. ಆದ್ದರಿಂದ ಮನೇಲಿದಾಳೆ.”

ಹೆಜ್ಜೆ ಹೆಜ್ಜೆಯೂ ಸರಿಯಾಗಿತ್ತು. ತಪ್ಪು ಎಲ್ಲಿದೆ ಎಂಬುದೂ ನನಗೆ ಗೊತ್ತಿತ್ತು. ಮೈಸೂರು, ಮನೆ ಎಂದು ಅವರು ಎರಡೇ ಜಾಗ ಲೆಕ್ಕಕ್ಕೆ ಹಿಡಿದಿದ್ದರು. ಮೂರನೆಯದೊಂದು ಇತ್ತು. ಅದನ್ನು ಎತ್ತಿ ತೋರಿಸುವುದು ನನ್ನಿಂದಾಗಲಿಲ್ಲ. “ಬೇರೆ ಕನ್ನಡಕ ಮಾಡಿಸ್ಕೊಂಡಿದಾಳೆ ಸಾ,” ಎಂದೆ.

ಮೇಷ್ಟ್ರು ಅಡುಗೆಮನೆಯ ಕಡೆಗೆ ತಲೆ ವಾಲಿಸಿ ಕೂತರು, ಒಳಗಿನಿಂದ ಯಾರೋ ಮಾತಾಡುತ್ತಿದ್ದರೆ ನಾವು ಕೂರುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ವಸು ನಿಂಗೆ ಹೇಳಿದ್ಲಲ್ಲಯ್ಯಾ, ಅಪ್ಪಂಗೆ ಹೇಳ್ಬೇಡಿ, ಆದ್ರೆ ಸುಳ್ಳೂ ಹೇಳ್ಬೇಡಿ ಅಂತ. ಮತ್ತೆ ಯಾಕೆ ಹೇಳ್ತೀಯಾ?”

ತಟ್ಟೆಯನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ. “ಯಾವಾಗ ಹೇಳಿದ್ಲು ಸಾ?” ಎಂದು ಕೇಳಿದೆ.

“ಆಗ್ಲೇ. ನಿಂಗೆ ಪೂರ್ತಿ ಕೇಳಿಸ್ಲಿಲ್ವಂತೆ,” ಎಂದರು. ಕನ್ನಡಕವನ್ನು ಕಿಟಕಿಯಲ್ಲಿ ಇಟ್ಟು, “ಊಟ ಆಯ್ತೇನಯ್ಯಾ ನಮ್ದು?” ಎಂದರು. ಅಷ್ಟೇ. ಹೋಯಿತು, ಮರೆತರು.

ನಾನು ಅಡುಗೆಮನೆಗೆ ಹೋಗಿ ನೋಡಿದೆ. ಏನು ನೋಡಲು ಹೋದೆನೋ. ನಾನು ಬಿಟ್ಟು ಬಂದ ಪಾತ್ರೆಗಳು, ಆರಿಸಿದ ಒಲೆ. ಹಿತ್ತಲ ಬಾಗಿಲು ಹಾಕಿತ್ತು. ಯಾವ ಗುರುತೂ ಇರಲಿಲ್ಲ, ಯಾವ ವಾಸನೆಯೂ ಇರಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ಮಣ್ಣು ಮಾಡಿದ ದಿನವೂ ಬಾರದ ಅಳು ಆಗ ಬಂತು.

ಸಂಜೆ ಮತ್ತೆ ಕೇಳಿದೆ. ವಸು ಇನ್ನೇನು ಹೇಳಿದಳು ಸಾ ಎಂದೆ. ಅವರು ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿ ನಕ್ಕರು.

ನಮ್ಮ ಕಾಲೇಜಿನ ಮನಶ್ಶಾಸ್ತ್ರದ ಗೆಳೆಯನಿಗೆ ಬಹಳ ದಿನ ಬಿಟ್ಟು ಇದನ್ನು ಹೇಳಿದೆ. ನೀನೇ ಯಾವಾಗಲೋ ನಿದ್ದೆಯಲ್ಲಿ ಆ ಮಾತು ಬಡಬಡಿಸಿರಬೇಕು, ಅದು ಅವರ ಕಿವಿಗೆ ಬಿದ್ದಿರಬೇಕು ಎಂದ. ಇರಬಹುದು. ಆದರೆ ನಾನು ಬಡಬಡಿಸಿದ್ದರೂ ಮೊದಲ ಅರ್ಧ ಮಾತ್ರ ಬಡಬಡಿಸಬಲ್ಲೆ ಎಂದೆ. ಮಗಳ ಸ್ವಭಾವ ಬಲ್ಲ ಅಪ್ಪ ಉಳಿದದ್ದನ್ನು ತಾನೇ ಸೇರಿಸಿಕೊಂಡಿರಬೇಕು ಎಂದ. ಅದೂ ಇರಬಹುದು. ಬೆಳಗ್ಗೆ ತಿಂದದ್ದು ನೆನಪಿಲ್ಲದವರು ನಾನು ನಿದ್ದೆಯಲ್ಲಿ ಆಡಿದ್ದನ್ನು ನೆನಪಿಟ್ಟುಕೊಂಡು, ಸರಿಯಾಗಿ ನಾನು ಸುಳ್ಳು ಹೇಳಿದ ಗಳಿಗೆಯಲ್ಲಿ ಹೊರಗೆ ತೆಗೆದರೇ? ಇನ್ನೂ ಒಂದು ತೊಡಕಿದೆ. ಅದೇ ವಸು ಹೇಳಲಿದ್ದ ಮಾತು ಎಂಬುದಕ್ಕೆ ನನ್ನ ಬಳಿ ಯಾವ ಆಧಾರವೂ ಇಲ್ಲ. ಬೇರೆ ಏನನ್ನೋ ಹೇಳಹೊರಟಿದ್ದಿರಬಹುದು. ಆದರೂ ಕೇಳಿದ ಕೂಡಲೇ ಇದೇ ಎಂದು ನನಗೆ ತಿಳಿಯಿತು. ಹೇಗೆ ತಿಳಿಯಿತು ಎಂದು ಬೋರ್ಡಿನ ಮೇಲೆ ಬರೆದು ತೋರಿಸು ಎಂದರೆ ನನ್ನಿಂದಾಗದು.

ಅಂದಿನಿಂದ ನಾನು ಮೈಸೂರಿನ ಮಾತು ಬಿಟ್ಟೆ. ಹೇಳಲೂ ಬಾರದು, ಸುಳ್ಳಾಡಲೂ ಬಾರದು ಎಂದರೆ ಏನು ಮಾಡುವುದು ಎಂದು ಮೊದಮೊದಲು ದಿಕ್ಕು ತೋಚಲಿಲ್ಲ. ನಿಧಾನವಾಗಿ ದಾರಿ ಸಿಕ್ಕಿತು. ವಸು ಎಲ್ಲಿ ಎಂದು ಅವರು ಕೇಳಿದಾಗ ಪಕ್ಕದಲ್ಲಿ ಕೂತು ವಸುವಿನ ಸುದ್ದಿ ತೆಗೆಯುತ್ತಿದ್ದೆ. ಶ್ರವಣಬೆಳಗೊಳಕ್ಕೆ ಹೋದಾಗ ಬೆಟ್ಟ ಹತ್ತಲಾರದೆ ನಾನು ಅರ್ಧಕ್ಕೆ ಕೂತದ್ದು, ಅವಳು ಮೇಲಿನಿಂದ ನನ್ನನ್ನು ಕೂಗಿ ಆಡಿಕೊಂಡದ್ದು, ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕುತ್ತಿದ್ದದ್ದು, ಎಲ್ಲ ನಿಜವೇ. ಅವರು ಕೇಳುತ್ತಾ ಕೇಳುತ್ತಾ, ಎಲ್ಲಿ ಎಂದು ಕೇಳಿದ್ದನ್ನೇ ಬಿಟ್ಟುಬಿಡುತ್ತಿದ್ದರು.

ಮೇಷ್ಟ್ರು ಈ ವರ್ಷದ ಮಳೆಗಾಲಕ್ಕೆ ಮುಂಚೆ ಹೋದರು. ನೋವಿಲ್ಲದೆ ಹೋದರು. ಅದಕ್ಕೆ ಕೆಲವು ದಿನಗಳ ಹಿಂದೆ, ನಾನು ಅವರ ಉಗುರು ಕತ್ತರಿಸುತ್ತಿದ್ದಾಗ, ನನ್ನ ಮುಖವನ್ನೇ ದಿಟ್ಟಿಸಿ ನೋಡಿ ಕೇಳಿದರು.

“ನಿಮ್ಮನೇಲಿ ಯಾರ್ಯಾರಿದಾರಪ್ಪಾ?”

ಸುಳ್ಳು ಹೇಳುವಂತಿರಲಿಲ್ಲ. “ಯಾರೂ ಇಲ್ಲ ಸಾ,” ಎಂದೆ. ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಅವರಿಗೆ ಬಹಳ ಕನಿಕರವಾಯಿತು. ನನ್ನ ಕೈ ಹಿಡಿದುಕೊಂಡರು. “ಹಂಗಾದ್ರೆ ಇಲ್ಲೇ ಇದ್ಬುಡು. ನನ್ ಮಗಳಿದಾಳೆ, ಒಳ್ಳೆಯವಳು. ನಿಂಗೂ ಒಂದು ತುತ್ತು ಅನ್ನ ಹಾಕ್ತಾಳೆ.”

ಆಗಲಿ ಸಾ ಎಂದೆ. ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.