ರುಮಾಲಿನ ಕೆಳಗಿನ ಹೊಲಿಗೆ

ಸತ್ತವರು ಟಿಕೋಟಾದ ಹಿರಿಯ ರೈತರೊಬ್ಬರು. ಶಿಕ್ಷೆ ಅನುಭವಿಸಿದವಳು ಅವರ ಸೊಸೆ. ತನಿಖೆ ಮಾಡಿದ ಪೊಲೀಸರಿಗಾಗಲಿ, ವರದಿಯನ್ನು ಕಡತಕ್ಕೆ ಸೇರಿಸಿದ ಅಧಿಕಾರಿಗಳಿಗಾಗಲಿ ಒಂದು ಹೊತ್ತಿನ ಊಟವೂ ತಪ್ಪಲಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ನಾನು ವಿಜಾಪುರದಲ್ಲಿ ಸರ್ಕಾರಿ ವೈದ್ಯೆಯಾಗಿದ್ದೆ. ಆ ರೈತರು ಸೊಸೆ ಬಡಿಸಿದ ರೊಟ್ಟಿ ತಿಂದು ಎದ್ದವರೇ ತಲೆ ಹಿಡಿದುಕೊಂಡು ವಾಂತಿ ಮಾಡಿದರು, ಮಾತು ನಿಂತಿತು, ಸಂಜೆಯೊಳಗೆ ತೀರಿಕೊಂಡರು. ಆ ವಾಂತಿಯೊಂದೇ ಸಾಕಾಯಿತು. ಕಾಖಂಡಕಿಯಿಂದ ಬಂದ ಸೊಸೆ ವಿಷ ಹಾಕಿದಳೆಂದು ಊರು ತೀರ್ಮಾನಿಸಿತು, ಫೌಜದಾರರು ಅವಳನ್ನು ಠಾಣೆಯಲ್ಲಿ ಕೂರಿಸಿದರು.

ಶವಾಗಾರದ ಬಾಗಿಲಿಗೆ ಸತ್ತವರ ತಮ್ಮ ಅಡ್ಡ ನಿಂತಿದ್ದ.

“ಹೊಟ್ಟಿ ಕೊಯ್ರಿ ಬಾಯಾರ, ಬ್ಯಾಡ ಅನ್ನಂಗಿಲ್ಲ. ತಲಿ ಮುಟ್ಟಬ್ಯಾಡ್ರಿ. ಅಣ್ಣನ್ನ ಕುಂಡ್ರಿಸಿ ಮಣ್ಣ ಮಾಡಬೇಕು, ಮಂದಿ ಮಾರಿ ನೋಡ್ತಾರ.”

“ರುಮಾಲ ಸುತ್ತತೀರಿಲ್ಲೋ? ನನ್ನ ಹೊಲಿಗಿ ಅದರ ಕೆಳಗಿರ್ತದ. ಹಣಿ ಮ್ಯಾಲ ಒಂದು ಗೀರೂ ಬೀಳಂಗಿಲ್ಲ, ಈಬತ್ತಿ ಹಚ್ಚಾಕ ಜಾಗಾ ಹಂಗ ಇರ್ತದ.”

ಫೌಜದಾರರು ನಡುವೆ ಬಂದರು. “ಬಿಡ್ರಿ ಬಾಯಾರ. ಹೊಟ್ಟ್ಯಾಗಿಂದು ಪರೀಕ್ಷಾಕ್ಕ ಕಳಿಸಿದ್ರ ಆತು.”

“ಅದು ಬರೂತನಕ ಆ ಹುಡುಗಿ?”

“ಠಾಣ್ಯಾಗ ಇರ್ತಾಳ. ಎರಡ ಹೊತ್ತು ಊಟ ಹಾಕ್ತೇವಿ, ಅತ್ತಿ ಮನ್ಯಾಗ ಅಷ್ಟೂ ಇದ್ದಿದ್ದಿಲ್ಲ ಆಕಿಗೆ.”

ಮನೆಯವರ ಇಂಥ ಮಾತಿಗೆ ಮಣಿದು ತಲೆಯನ್ನು ಬಿಟ್ಟುಬಿಡುವುದು ಆಗಿನ ರೂಢಿ. ಅದನ್ನು ಜನರ ನಂಬಿಕೆಗೆ ತೋರುವ ಗೌರವವೆಂದು ಕರೆಯುತ್ತಿದ್ದರು; ನಾನು ಸೋಮಾರಿತನವೆನ್ನುತ್ತೇನೆ. ಬುರುಡೆ ಕೊಯ್ಯುವ ಗರಗಸಕ್ಕೆ ಹಲ್ಲೇ ಉಳಿದಿರಲಿಲ್ಲ. ಸೊಲ್ಲಾಪುರ ರಸ್ತೆಯ ಕಮ್ಮಾರನಿಂದ ಅದನ್ನು ನಾನೇ ಸರಿ ಮಾಡಿಸಿ ತಂದಿದ್ದೆ. ಬಹಳ ಹೊತ್ತಿನ ಮೇಲೆ ಸತ್ತವರ ತಮ್ಮ ಬಾಗಿಲಿನಿಂದ ಸರಿದ.

ಚರ್ಮದಡಿ ಪೆಟ್ಟಿನ ಗುರುತಿರಲಿಲ್ಲ, ಬುರುಡೆ ಒಡೆದಿರಲಿಲ್ಲ. ಮಿದುಳನ್ನು ಹೋಳು ಮಾಡಿದಾಗ ಅದರ ಆಳದಲ್ಲಿ ನಿಂಬೆ ಗಾತ್ರದ ಕರಿನೆತ್ತರು ಹೆಪ್ಪುಗಟ್ಟಿ ಕುಳಿತಿತ್ತು. ತಳದ ರಕ್ತನಾಳಗಳು ಬೆರಳಿಗೆ ಒಣಕಡ್ಡಿಯಂತೆ ಒರಟಾಗಿದ್ದವು. ಕೊಳೆಯದಂತೆ ಫಾರ್ಮಲಿನ್‌ನಲ್ಲಿಟ್ಟ ತುಣುಕನ್ನು ಆಮೇಲೆ ಸೂಕ್ಷ್ಮದರ್ಶಕದಡಿ ನೋಡಿದೆ: ಸಣ್ಣ ನಾಳಗಳ ಗೋಡೆಗಳೂ ದಪ್ಪಗಾಗಿದ್ದವು. ವರ್ಷಗಟ್ಟಲೆ ಬೆಳೆದ ರಕ್ತದೊತ್ತಡದ ರೋಗ ಅದು. ವಾಂತಿ ಬಂದದ್ದು ತಲೆಯೊಳಗಿನ ರಕ್ತಸ್ರಾವದಿಂದ.

ಹೊಟ್ಟೆಯ ಪರೀಕ್ಷೆಯಲ್ಲೂ ವಿಷ ಸಿಗಲಿಲ್ಲ. ಹುಡುಗಿಯನ್ನು ಬಿಟ್ಟರು. ಆದರೆ ನನ್ನ ವರದಿ ಇಂಗ್ಲಿಷಿನಲ್ಲಿತ್ತು, ಪೊಲೀಸರಿಂದ ಕಚೇರಿಗೆ ಹೋಗಿ ಅಲ್ಲೇ ಉಳಿಯಿತು. ಸಾಕ್ಷಿ ಸಾಲದೆ ಬಿಟ್ಟರೆಂದು ಟಿಕೋಟಾ ನಂಬಿತು. ಗಂಡನ ಮನೆ ಬಾಗಿಲು ತೆರೆಯಲಿಲ್ಲ.

ತಿಂಗಳುಗಳ ಮೇಲೆ ಈ ಸುದ್ದಿ ತಿಳಿದು ಬಬಲೇಶ್ವರದ ಬಸ್ಸು ಹಿಡಿದು ಕಾಖಂಡಕಿಗೆ ಹೋದೆ. ತವರಿನಲ್ಲಿದ್ದ ಅವಳು ನೆಲ ನೋಡುತ್ತ ಹೇಳಿದಳು: “ನಾ ಬಡದ ರೊಟ್ಟಿ ಇಲ್ಲೂ ಯಾರೂ ಮುಟ್ಟಂಗಿಲ್ಲರಿ. ನೀವು ಬರದದ್ದು ಅತ್ತಿ ಮನ್ಯಾಗ ಓದಿ ಹೇಳ್ರಿ.”

ಮರುದಿನವೇ ಟಿಕೋಟಾದಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತು, ಕನ್ನಡದಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಸತ್ತವರ ತಮ್ಮ ತಲೆ ತಗ್ಗಿಸಿದ. ಅತ್ತೆ ಮಾತ್ರ ನನ್ನನ್ನೇ ನೋಡಿ ಕೇಳಿದಳು: “ಇದನ್ನ ಅವತ್ತ ಹೇಳಾಕ ಏನಾಗಿತ್ರಿ ಬಾಯಾರ? ಮಗಗ ಬ್ಯಾರೆ ಹೆಣ್ಣು ತಂದೇವಿ.”

ಆರೋಗ್ಯ ಇಲಾಖೆಯ ಮತ್ತು ಪೊಲೀಸ್ ಇಲಾಖೆಯ ಅಧಿಕಾರಿಗಳೇ, ಸಂಶಯದ ಸಾವಿನ ಪರೀಕ್ಷೆಯನ್ನು ತಲೆ ತೆರೆಯದೆ ಮುಗಿಸಬೇಡಿ. ಕಂಡುಬಂದ ಕಾರಣವನ್ನು ಕನ್ನಡದಲ್ಲಿ ಬರೆಯಿರಿ. ಹೆಣ ಒಪ್ಪಿಸುವ ದಿನವೇ ಅದನ್ನು ಸತ್ತವರ ಮನೆಯವರಿಗೂ ಆರೋಪ ಹೊತ್ತವರಿಗೂ ಕೊಡಿ, ಆ ಊರಿನ ಚಾವಡಿಯಲ್ಲಿ ಓದಿಸಿ.